ಗಾಜಿನ ಮೇಲೆ ಅಮ್ಮನ ಮಲ್ಲಿಗೆ ದಂಡೆ: ಒಂದು ಫೋಟೋ ಕೆತ್ತಿಸಿದ 40 ದಿನ

ಮೊನ್ನೆ ಭಾನುವಾರ ಹಾಸನದಲ್ಲಿ ಅಪ್ಪ ಅಮ್ಮನ ಮದುವೆಯ 50ನೇ ವರ್ಷದ ಊಟ ಮುಗಿಯಿತು. ಅವರಿಗೆ ಕೊಡಲು ಮಾಡಿಸಿದ ಎರಡು ವಸ್ತು ನನ್ನ ಕೈ ಸೇರಿದ್ದು ಹಿಂದಿನ ದಿನ ಸಂಜೆ. ಒಂದು ಗಾಜಿನ ಫಲಕ, ಇನ್ನೊಂದು ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್‌ನ ದೀಪ. ಎರಡರ ಮೇಲೂ 1975ರ ಅವರ ಮದುವೆ ಫೋಟೋವನ್ನು ಲೇಸರ್‌ನಲ್ಲಿ ಕೆತ್ತಿಸಿದ್ದೇನೆ. ಹತ್ತು ದಿನದಲ್ಲಿ ಆಗುತ್ತೆ ಅಂದುಕೊಂಡಿದ್ದೆ. ಹಿಡಿದದ್ದು 40 ದಿನ. ನನಗೆ ಈ ಕೆಲಸದ ಗಂಧಗಾಳಿ ಇರಲಿಲ್ಲ. ಕೇಳಿದವರೆಲ್ಲ ಒಂದೊಂದು ಹೇಳಿದರು. ನಿಮ್ಮ ಮನೆಯಲ್ಲೂ ಇಂಥ ಒಂದು ಹಳೆಯ ಫೋಟೋ ಇದ್ದು, ನೀವೂ ಮಾಡಿಸಲು ಹೊರಟಿದ್ದರೆ ನನ್ನಷ್ಟು ಅಲೆಯಬೇಡಿ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಇರುವುದು ಒಂದೇ ಫೋಟೋ. ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪಿನದು. ಅಪ್ಪ ಕಪ್ಪು ಕೋಟು ಹಾಕಿ ನೆಟ್ಟಗೆ ನಿಂತಿದ್ದಾರೆ. ಅಮ್ಮನ ತಲೆಯಲ್ಲಿ ದಪ್ಪ ಮಲ್ಲಿಗೆ ದಂಡೆ. ಮೂಲೆಯಲ್ಲಿ ತೇವ ತಗುಲಿ ಕಲೆ ಬಿದ್ದಿದೆ. ಮೊದಲು ಮೊಬೈಲ್‌ನಲ್ಲೇ ಅದರ ಫೋಟೋ ತೆಗೆದೆ. ಕಿಟಕಿಯ ಬೆಳಕು ಅಪ್ಪನ ಹಣೆಯ ಮೇಲೆ ಪಟ್ಟಿಯಂತೆ ಬಿತ್ತು. ಆಮೇಲೆ ಮೈಸೂರಿನ ನಮ್ಮ ಬೀದಿಯ ಸ್ಟುಡಿಯೋಕ್ಕೆ ಹೋಗಿ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿಸಿದೆ. ನೂರು ರೂಪಾಯಿ ಆಯಿತು. ಇಡೀ ಖರ್ಚಿನಲ್ಲಿ ಚೂರೂ ವ್ಯರ್ಥವಾಗದ ದುಡ್ಡು ಇದೇ. ಫೈಲನ್ನು ಅಂಗಡಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಕಣ್ಣಿನ ರೆಪ್ಪೆ, ಸೀರೆ ಅಂಚು ಎಲ್ಲ ಅಲ್ಲೇ ಕಳೆದುಹೋಗುತ್ತವೆ. ಒಂದು ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ.

ಮೊದಲು ಹೋದದ್ದು ಮನೆ ಹತ್ತಿರದ ಗಿಫ್ಟ್ ಅಂಗಡಿಗೆ. ಮರದ ಮೇಲೆ ಹೆಸರು ಕೆತ್ತುವ ಚಿಕ್ಕ ಮಷೀನ್ ಅಲ್ಲಿತ್ತು. ನೀಲಿ ಬೆಳಕು ಬರುವಂಥದ್ದು. "ಅಕ್ರಿಲಿಕ್ ಮೇಲೂ ಆಗುತ್ತೆ, ಗಾಜಿನ ಮೇಲೂ ಆಗುತ್ತೆ" ಎಂದು 400 ರೂಪಾಯಿ ಮುಂಗಡ ತೆಗೆದುಕೊಂಡರು. ಒಂದು ವಾರ ಕಾದೆ. ಹೋಗಿ ನೋಡಿದರೆ ಅಕ್ರಿಲಿಕ್ ಹಾಗೇ ಇತ್ತು, ಅದರ ಕೆಳಗಿದ್ದ ಹಲಗೆ ಸುಟ್ಟಿತ್ತು. ಬೆಳಕು ಪ್ಲಾಸ್ಟಿಕ್ಕನ್ನು ಮುಟ್ಟದೆ ಆಚೆ ದಾಟಿ ಹೋಗಿತ್ತು.

ಕಾರಣ ಆಮೇಲೆ ಗೊತ್ತಾಯಿತು. ಆ ಚಿಕ್ಕ ಡಯೋಡ್ ಲೇಸರ್‌ನ ಬೆಳಕಿನ ಅಲೆ ಸುಮಾರು 450 ನ್ಯಾನೋಮೀಟರ್ ಉದ್ದದ್ದು. ಅದು ಕಣ್ಣಿಗೆ ಕಾಣುವ ಬೆಳಕು. ಪಾರದರ್ಶಕ ಗಾಜು, ಅಕ್ರಿಲಿಕ್ ಎರಡೂ ಕಾಣುವ ಬೆಳಕನ್ನು ಸುಮ್ನೆ ಬಿಟ್ಟುಬಿಡುತ್ತವೆ. ಅದಕ್ಕೇ ತಾನೆ ಅವು ಪಾರದರ್ಶಕ! ನಮಗೆ ಬೇಕಾದದ್ದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅಂಗಡಿಗಳಲ್ಲಿ ಸಿಓಟು ಮಷೀನ್ ಅನ್ನುತ್ತಾರೆ. ಅದರ ಅಲೆ 10.6 ಮೈಕ್ರೋಮೀಟರ್, ಅಂದರೆ ಮೊದಲನೆಯದಕ್ಕಿಂತ ಇಪ್ಪತ್ತು ಪಟ್ಟಿಗಿಂತಲೂ ಜಾಸ್ತಿ. ಆ ಕಿರಣವನ್ನು ಗಾಜೂ ಅಕ್ರಿಲಿಕ್ಕೂ ಮೇಲ್ಮೈಯಲ್ಲೇ ಹೀರಿಕೊಂಡು ಬಿಸಿಯಾಗುತ್ತವೆ. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಈ ಲೇಸರ್ ಕಂಡುಹಿಡಿದವರು ಸಿ. ಕುಮಾರ್ ಪಟೇಲ್, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರು. ಇದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು. ಡಯೋಡ್ ಮಷೀನ್‌ನಲ್ಲೂ ಮೇಲೆ ಕಪ್ಪು ಬಣ್ಣ ಬಳಿದು ಗಾಜಿನ ಮೇಲೆ ಮೂಡಿಸುವ ದಾರಿ ಇದೆ. ಆದರೆ ಫೋಟೋಗೆ ನಾನು ಆ ದಾರಿಗೆ ಹೋಗಲಿಲ್ಲ. ಅಂಗಡಿಗೆ ಹೋದ ತಕ್ಷಣ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಿಮ್ಮದು ಸಿಓಟು ಮಷೀನಾ? ನನ್ನ 400 ರೂಪಾಯಿ ವಾಪಸ್ ಬರಲಿಲ್ಲ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನೇಮ್ ಪ್ಲೇಟ್, ಟ್ರೋಫಿ ಮಾಡುವ ಒಂದು ಘಟಕ ಸಿಕ್ಕಿತು. 60 ವ್ಯಾಟ್‌ನ ಸಿಓಟು ಮಷೀನ್. ಮಷೀನ್ ಓಡಿದ ನಿಮಿಷಕ್ಕೆ 15 ರೂಪಾಯಿ. ಗಾಜು, ಅಕ್ರಿಲಿಕ್ ನಾವೇ ತರಬೇಕು. ಆದರೆ ಅದು ಡಿಸೆಂಬರ್. ಶಾಲೆಗಳ ವಾರ್ಷಿಕೋತ್ಸವದ ಟ್ರೋಫಿಗಳು ಗೋಡೆಯುದ್ದಕ್ಕೂ ರಾಶಿ ಬಿದ್ದಿದ್ದವು. "ಹನ್ನೆರಡು ದಿನ ಬಿಟ್ಟು ಬನ್ನಿ ಮೇಡಂ" ಎಂದರು ಯಜಮಾನರು. ಕಾದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈ ಅಂಗಡಿಗಳಲ್ಲಿ ಒಂದು ಪೀಸಿನ ಕೆಲಸಕ್ಕೆ ಜಾಗ ಸಿಗುವುದು ಕಷ್ಟ. ಲೆಕ್ಕ ಹಾಕಿಕೊಂಡು ಹೊರಡಿ.

ನನ್ನ ಸರದಿ ಬಂದ ದಿನ ಬೋರ್ಡ್ ಅಂಗಡಿಯಿಂದ 150 ರೂಪಾಯಿಗೆ ತಂದಿದ್ದ ಅಕ್ರಿಲಿಕ್ ತುಂಡನ್ನು ಮಷೀನ್ ನಡೆಸುವ ಹುಡುಗನ ಕೈಗೆ ಕೊಟ್ಟೆ. ಹತ್ತು ನಿಮಿಷ ಓಡಿಸಿ ಅವನೇ ನಿಲ್ಲಿಸಿದ. "ಮೇಡಂ, ಇದು ಕಾಸ್ಟ್ ಅಲ್ಲ. ಬಿಳಿ ಬರಲ್ಲ." ಗೆರೆಗಳೇನೋ ಬಿದ್ದಿದ್ದವು. ಆದರೆ ನೀರಿನಲ್ಲಿ ಬರೆದಂತೆ ಪಾರದರ್ಶಕವಾಗಿದ್ದವು. ಅಕ್ರಿಲಿಕ್‌ನಲ್ಲಿ ಎರಡು ಜಾತಿ. ಎರಡು ಗಾಜಿನ ಹಲಗೆಗಳ ನಡುವೆ ದ್ರವ ಸುರಿದು ಗಟ್ಟಿ ಮಾಡಿದ್ದು ಕಾಸ್ಟ್. ಬಿಸಿ ಮಾಡಿ ಅಚ್ಚಿನ ಸೀಳಿನಿಂದ ಒತ್ತಿ ತೆಗೆದದ್ದು ಎಕ್ಸ್‌ಟ್ರೂಡೆಡ್. ನೋಡಲು ಎರಡೂ ಒಂದೇ. ಲೇಸರ್ ಬಿದ್ದಾಗ ಕಾಸ್ಟ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ, ಎಕ್ಸ್‌ಟ್ರೂಡೆಡ್ ಕರಗಿ ಹಾಗೇ ತಿಳಿಯಾಗಿ ಉಳಿಯುತ್ತದೆ. ಫೋಟೋಗೆ ಕಾಸ್ಟ್ ಬಿಟ್ಟು ಬೇರೆ ಬೇಡ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಕಾಳಿನಷ್ಟು ಜಾಗ ಕೆತ್ತಿಸಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಮಾತು. ಪ್ಲಾಸ್ಟಿಕ್ ಯಾವುದು ಅಂತ ಗೊತ್ತಿಲ್ಲದ ತುಂಡನ್ನು ಮಷೀನ್‌ಗೆ ಕೊಡಲೇಬೇಡಿ. ಪಿವಿಸಿ ಆಗಿದ್ದರೆ ಕ್ಲೋರಿನ್ ಇರುವ ವಿಷದ ಹೊಗೆ ಬರುತ್ತದೆ. ಅದು ಉಸಿರಿಗೂ ಕೆಟ್ಟದ್ದು, ಮಷೀನ್‌ನ ಕಬ್ಬಿಣಕ್ಕೂ ಕೆಟ್ಟದ್ದು.

5 ಎಂಎಂ ದಪ್ಪದ ಕಾಸ್ಟ್ ಅಕ್ರಿಲಿಕ್, 15 ಗುಣಿಸು 20 ಸೆಂಟಿಮೀಟರ್‌ನ ನಾಲ್ಕು ತುಂಡು ತಂದೆ. ತುಂಡಿಗೆ 180 ರೂಪಾಯಿ. 25 ನಿಮಿಷ ಮಷೀನ್ ಓಡಿತು. ಈ ಸಲ ಬೆಳ್ಳಗೆ ಚೆನ್ನಾಗಿ ಬಂತು. ಎತ್ತಿ ಬೆಳಕಿಗೆ ಹಿಡಿದೆ, ಕೈ ನಡುಗಿತು. ಅಮ್ಮನ ಕಣ್ಣಪಾಪೆ ಬೆಳ್ಳಗೆ ಹೊಳೆಯುತ್ತಿತ್ತು. ಮುಖ ಖಾಲಿ. ಮಲ್ಲಿಗೆ ದಂಡೆ ಇದ್ದ ಜಾಗದಲ್ಲಿ ತೂತು ಬಿದ್ದಂತಿತ್ತು. ಅಪ್ಪನ ಕೋಟು ಹಾಲಿನಲ್ಲಿ ಅದ್ದಿದ ಹಾಗೆ. ನೋಡಿ ಹೊಟ್ಟೆಯೊಳಗೆ ಏನೋ ಆಯಿತು. ಬದುಕಿರುವವರ ಮುಖ ಹಾಗೆ ಕಾಣಬಾರದು ಅನ್ನಿಸಿತು.

ಆಗಿದ್ದೇನು ಅಂದರೆ, ಮರದ ಮೇಲೆ ಕೆತ್ತುವಾಗ ಲೇಸರ್ ಬಿದ್ದ ಜಾಗ ಕಪ್ಪಾಗುತ್ತದೆ. ಗಾಜು, ಅಕ್ರಿಲಿಕ್ ಮೇಲೆ ಲೇಸರ್ ಬಿದ್ದ ಜಾಗ ಬೆಳ್ಳಗಾಗುತ್ತದೆ. ಅಂದರೆ ಇಲ್ಲಿ ಕೆತ್ತಬೇಕಾದದ್ದು ಬೆಳಕನ್ನು, ಬಿಡಬೇಕಾದದ್ದು ನೆರಳನ್ನು. ಫೋಟೋವನ್ನು ನೆಗೆಟಿವ್ ಮಾಡಿ ಕೊಡಬೇಕಿತ್ತು. ಆ ಹುಡುಗನಿಗೆ ಹೆಸರು, ಲೋಗೋ ಕೆತ್ತಿ ಅಭ್ಯಾಸ, ಫೋಟೋ ಅಪರೂಪ. ನಾನೂ ಕೇಳಲಿಲ್ಲ. ಲೇಸರ್ ಮಷೀನ್ ನಡೆಸುವ ಲೈಟ್‌ಬರ್ನ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಒಂದೇ ಒಂದು ಗುಂಡಿ ಇದೆ. ಫೋಟೋ ತಿದ್ದುವ ಜಿಂಪ್ ಸಾಫ್ಟ್‌ವೇರ್‌ನಲ್ಲೂ ಒಂದೇ ಕ್ಲಿಕ್. ಒಂದೇ ಕಡೆ ಮಾಡಿ. ಮನೆಯಲ್ಲೂ ತಿರುಗಿಸಿ ಅಂಗಡಿಯಲ್ಲೂ ತಿರುಗಿಸಿದರೆ ಮತ್ತೆ ಮೊದಲಿನಂತೇ ಆಗುತ್ತದೆ.

ಆ ರಾತ್ರಿ ನಾನು ಫೈಲ್ ಮುಂದೆ ಕೂತೆ. ಮುಂದಿನ ನಾಲ್ಕು ರಾತ್ರಿಯೂ ಅದೇ ಕೆಲಸ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಫೋಟೋ ಚೆನ್ನಾಗಿ ಬರುವುದು ಕೆಡುವುದು ಜಾಸ್ತಿ ಇಲ್ಲೇ. ಲೇಸರ್ ಬೂದು ಬಣ್ಣ ಬರೆಯುವುದಿಲ್ಲ. ಚುಕ್ಕಿ ಇಡುತ್ತದೆ, ಇಲ್ಲವೇ ಬಿಡುತ್ತದೆ. ಹಳೆಯ ದಿನಪತ್ರಿಕೆಯ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ್ದೀರಲ್ವಾ, ಹಾಗೆ. ಚುಕ್ಕಿ ಒತ್ತಾಗಿದ್ದರೆ ಬಿಳಿ, ವಿರಳವಾಗಿದ್ದರೆ ಮಬ್ಬು. ಹೀಗೆ ಫೋಟೋವನ್ನು ಚುಕ್ಕಿಯಾಗಿಸುವುದಕ್ಕೆ ಡಿದರಿಂಗ್ ಅನ್ನುತ್ತಾರೆ. ಅದರಲ್ಲಿ ಫ್ಲಾಯ್ಡ್-ಸ್ಟೈನ್‌ಬರ್ಗ್, ಜಾರ್ವಿಸ್, ಸ್ಟುಕಿ ಎಂದು ಹಲವು ಬಗೆ ಇವೆ. ನನಗೆ ಮುಖದ ಮೇಲೆ ಜಾರ್ವಿಸ್ ಮೆತ್ತಗೆ ಕಂಡಿತು. ಫೋಟೋದ ಅಳತೆ ಮೊದಲು ನಿಗದಿ ಮಾಡಿ, ಆಮೇಲೆ ಚುಕ್ಕಿ ಮಾಡಿಸಿ. ಚುಕ್ಕಿ ಮಾಡಿದ ಫೈಲನ್ನು ಎಳೆದು ದೊಡ್ಡದು ಚಿಕ್ಕದು ಮಾಡಿದರೆ ಮುಖದ ಮೇಲೆ ಬಲೆ ಹಾಸಿದಂತೆ ಗೆರೆ ಬರುತ್ತದೆ.

ಡಿಪಿಐ ಕೂಡ ಮಷೀನ್ ಒಂದರ ಕೆಳಗೊಂದು ಓಡಿಸುವ ಗೆರೆಗಳ ಅಂತರಕ್ಕೆ ಹೊಂದಬೇಕು. ಒಂದು ಇಂಚಿನ 25.4 ಎಂಎಂ ಅನ್ನು ಆ ಅಂತರದಿಂದ ಭಾಗಿಸಿದರೆ ಡಿಪಿಐ ಸಿಗುತ್ತದೆ. 0.1 ಎಂಎಂ ಅಂತರಕ್ಕೆ 254. ಎಷ್ಟು ಜಾಸ್ತಿ ಇಟ್ಟರೆ ಅಷ್ಟು ಚೆಂದ ಅಂದುಕೊಳ್ಳಬೇಡಿ. ಚುಕ್ಕಿಗೆ ತನ್ನದೇ ಒಂದು ಗಾತ್ರ ಇರುತ್ತದೆ. ಒತ್ತೊತ್ತಾಗಿ ಇಟ್ಟರೆ ಒಂದರ ಮೇಲೊಂದು ಬಿದ್ದು ಎಲ್ಲ ಬೆಳ್ಳಗೆ ಮೆತ್ತಿಕೊಳ್ಳುತ್ತದೆ.

ಇನ್ನೊಂದು ತೊಂದರೆ ನಾನು ಊಹಿಸಿಯೇ ಇರಲಿಲ್ಲ. ಫೋಟೋದಲ್ಲಿ ಅವರ ಹಿಂದಿದ್ದ ಸ್ಟುಡಿಯೋ ಪರದೆಯನ್ನು ಅಳಿಸಿದರೆ ಚೆನ್ನಾಗಿರುತ್ತೆ ಅಂತ ಪೂರ್ತಿ ತೆಗೆದಿದ್ದೆ. ಅಪ್ಪ ಅಮ್ಮನ ಕೂದಲು ಕಪ್ಪು, ಅಂದರೆ ಕೆತ್ತದೆ ಬಿಟ್ಟ ಜಾಗ. ಹಿನ್ನೆಲೆಯೂ ಕೆತ್ತದೆ ಬಿಟ್ಟ ಜಾಗ. ಕಂಪ್ಯೂಟರ್‌ನಲ್ಲಿ ನೋಡಿದರೆ ತಲೆಯೇ ಇಲ್ಲ! ಮುಖಗಳು ಗಾಳಿಯಲ್ಲಿ ತೇಲುತ್ತಿದ್ದವು. ಅಪ್ಪನ ಕೋಟೂ ಮಾಯ. ಆಮೇಲೆ ತಲೆ, ಭುಜಗಳ ಹಿಂದೆ ತೆಳುವಾದ ಬೂದು ಮಬ್ಬನ್ನು ಮತ್ತೆ ತಂದೆ. ಅಂಚಿಗೆ ಹೋದಂತೆ ಅದು ಕರಗಿಹೋಗಬೇಕು. ಕೋಟಿನ ನೆರಳುಗಳನ್ನು ಸ್ವಲ್ಪ ಎತ್ತಿದೆ, ಕಾಲರ್ ಮಡಿಕೆ ಕಾಣುವಷ್ಟು. ಕಣ್ಣು, ಹುಬ್ಬು, ತುಟಿಗಳಿಗೆ ಶಾರ್ಪ್‌ನೆಸ್ ಮಾಮೂಲಿಗಿಂತ ಜಾಸ್ತಿ ಕೊಟ್ಟೆ. ಕಂಪ್ಯೂಟರ್ ಪರದೆಯ ಮೇಲೆ ಸ್ವಲ್ಪ ಒರಟು ಕಾಣುತ್ತದೆ, ಕೆತ್ತಿದ ಮೇಲೆ ಸರಿಹೋಗುತ್ತದೆ.

ಮಲ್ಲಿಗೆ ದಂಡೆಯೇ ಎಲ್ಲಕ್ಕಿಂತ ಕಾಡಿದ್ದು. ಬಿಳಿ ಹೂವು ಪಕ್ಕದಲ್ಲಿ ಬಿಳಿ ಹೂವು. ಕೆತ್ತಿದರೆ ಸುಣ್ಣದ ಪಟ್ಟಿಯಂತೆ ಬರುತ್ತಿತ್ತು. ಇಬ್ಬರ ಪೂರ್ತಿ ಚಿತ್ರ ಬೇಕು ಅನ್ನುವ ಆಸೆ ಬಿಟ್ಟು ಎದೆಯ ಮಟ್ಟಕ್ಕೆ ಕತ್ತರಿಸಿದೆ. ಒಂದೊಂದು ಮುಖ 5 ಸೆಂಟಿಮೀಟರ್‌ಗಿಂತ ಎತ್ತರವಾಯಿತು. ಆಮೇಲೆ ಫೋಟೋದ ಅತಿ ಬಿಳಿ ಜಾಗಗಳನ್ನು ಸ್ವಲ್ಪ ತಗ್ಗಿಸಿ, ಹೂವಿನ ನಡುವಿನ ನೆರಳುಗಳನ್ನು ಒಂದೊಂದಾಗಿ ಗಾಢ ಮಾಡಿದೆ. ಆ ಒಂದು ದಂಡೆಗೆ ಎರಡು ರಾತ್ರಿ ಹೋದವು. ಹೂವಿಲ್ಲದ ಅಮ್ಮನ ಫೋಟೋ ನನಗೆ ಬೇಡವಾಗಿತ್ತು.

ಮತ್ತೆ ಹೆಬ್ಬಾಳಕ್ಕೆ ಹೋದಾಗ ನೇರವಾಗಿ ಫೋಟೋ ಕೆತ್ತಿಸಲಿಲ್ಲ. ಒಂದು ಅಕ್ರಿಲಿಕ್ ತುಂಡಿನ ಮೇಲೆ ಅಮ್ಮನ ಕಣ್ಣು ಮತ್ತು ದಂಡೆಯ ಭಾಗವನ್ನಷ್ಟೇ ಚಿಕ್ಕ ಚಿಕ್ಕ ಚೌಕಗಳಲ್ಲಿ, ಬೇರೆ ಬೇರೆ ಪವರ್‌ನಲ್ಲಿ ಕೆತ್ತಿಸಿದೆ. 15 ನಿಮಿಷ, 225 ರೂಪಾಯಿ. ಇದನ್ನು ಮೊದಲ ದಿನವೇ ಮಾಡಿದ್ದರೆ ಎಷ್ಟೋ ಉಳಿಯುತ್ತಿತ್ತು. ನಮ್ಮ ಅಕ್ರಿಲಿಕ್‌ಗೆ ಒಪ್ಪಿದ್ದು ಸೆಕೆಂಡಿಗೆ 300 ಎಂಎಂ ವೇಗ, 14 ಪರ್ಸೆಂಟ್ ಪವರ್, 254 ಡಿಪಿಐ. ನಿಮ್ಮ ಅಂಗಡಿಯ ಮಷೀನ್‌ಗೆ ಇದೇ ಅಂಕಿ ಹೊಂದುವುದಿಲ್ಲ. ಲೇಸರ್ ಹುಟ್ಟುವ ಟ್ಯೂಬಿನ ವಯಸ್ಸು, ಅದನ್ನು ತಣ್ಣಗಿಡುವ ನೀರಿನ ಬಿಸಿ, ಲೆನ್ಸ್‌ನ ಸ್ವಚ್ಛತೆ ಎಲ್ಲ ಬದಲಾಗುತ್ತವೆ. ಈ ಗಾಜಿನ ಟ್ಯೂಬುಗಳು ಸುಮಾರು 10 ಪರ್ಸೆಂಟ್‌ಗಿಂತ ಕೆಳಗೆ ಸರಿಯಾಗಿ ಉರಿಯುವುದಿಲ್ಲ, ಹಾಗಾಗಿ ತೀರಾ ಇಳಿಸಿದರೂ ಕಷ್ಟ. ಅಕ್ರಿಲಿಕ್‌ಗೆ ಅಂಟಿಸಿರುವ ಮಾಸ್ಕಿಂಗ್ ಕಾಗದವನ್ನು ಕೆತ್ತುವ ಕಡೆ ತೆಗೆಸಿ, ಇಲ್ಲದಿದ್ದರೆ ಅದರ ಅಂಟು ಚುಕ್ಕಿಗಳಲ್ಲಿ ಮೆತ್ತುತ್ತದೆ. ಕೆಳಗಿನ ಕಡೆಯದು ಇರಲಿ.

ಪರೀಕ್ಷೆಯ ತುಂಡನ್ನು ಹುಡುಗ ಸ್ಯಾನಿಟೈಸರ್‌ನಿಂದ ಒರೆಸಿದ. ನೋಡುನೋಡುತ್ತಿದ್ದ ಹಾಗೆ ಅಂಚಿನಿಂದ ಕೂದಲೆಳೆಯಂಥ ಬಿರುಕುಗಳು ಒಳಕ್ಕೆ ಹರಿದವು. ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್‌ನೊಳಗೆ ಬಿಗಿತ ಉಳಿದಿರುತ್ತದೆ. ಅದಕ್ಕೆ ಆಲ್ಕೊಹಾಲ್ ತಾಗಿದರೆ ಹೀಗಾಗುತ್ತದೆ. ಗಾಜಿಗೆ ಪರವಾಗಿಲ್ಲ. ಅಕ್ರಿಲಿಕ್‌ಗೆ ಸೋಪಿನ ನೀರು, ಮೆತ್ತನೆಯ ಬಟ್ಟೆ, ಅಷ್ಟೇ. ಅದು ಪರೀಕ್ಷೆಯ ತುಂಡಾಗಿದ್ದು ನನ್ನ ಪುಣ್ಯ.

ಆಮೇಲೆ ನಿಜವಾದ ತುಂಡು ಇಟ್ಟರು. ಹದಿನೇಳು ನಿಮಿಷ ಆಗಿತ್ತು. ಅಪ್ಪ ಅಮ್ಮನ ಮುಖ ಮುಗಿದು ಭುಜ ಶುರುವಾಗಿತ್ತು. ಕರೆಂಟ್ ಹೋಯಿತು. ಮತ್ತೆ ಬಂದಾಗ ನಿಂತಲ್ಲಿಂದ ಮುಂದುವರಿಸಲು ನೋಡಿದರು. ಗೆರೆ ಅರ್ಧ ಎಂಎಂ ಪಕ್ಕಕ್ಕೆ ಸರಿದಿತ್ತು, ಕತ್ತಿನ ಹತ್ತಿರ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿತ್ತು. ಯಜಮಾನರು ಆ 17 ನಿಮಿಷದ ದುಡ್ಡು ಬೇಡ ಅಂದರು, ಅದು ಅವರ ದೊಡ್ಡತನ. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂತೆ. ಸಮಾರಂಭಕ್ಕೆ ಇನ್ನು ಒಂಬತ್ತು ದಿನ ಉಳಿದಿತ್ತು. ಮಾರನೆಯ ದಿನ ಬೆಳಿಗ್ಗೆ ಏಳಕ್ಕೇ ಬರಲು ಹೇಳಿದರು, ಆ ಹೊತ್ತಿನಲ್ಲಿ ಕರೆಂಟ್ ಹೋಗುವುದಿಲ್ಲ ಎಂದು. ಬೆಳಿಗ್ಗೆ ಏಳೂವರೆಗೆ ಅಕ್ರಿಲಿಕ್ ಮುಗಿಯಿತು. ಅಂಗಡಿಗೆ ಯುಪಿಎಸ್ ಇದೆಯಾ ಅಂತ ಮೊದಲೇ ಕೇಳಿ.

ಗಾಜಿನದು ಬೇರೆಯೇ ಸ್ವಭಾವ. ಅಕ್ರಿಲಿಕ್‌ನ ಫೈಲನ್ನೇ ಗಾಜಿಗೂ ಕೊಟ್ಟೆ, ಅದು ನನ್ನ ತಪ್ಪು. ಅಕ್ರಿಲಿಕ್ ಲೇಸರ್‌ಗೆ ಆವಿಯಾಗಿ ಹೋಗುತ್ತದೆ. ಗಾಜು ಹಾಗಲ್ಲ. ಮೇಲಿನ ಪದರ ಒಮ್ಮೆಲೇ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಏಳುತ್ತವೆ. ಬೆಳಕು ಆ ಬಿರುಕುಗಳಲ್ಲಿ ಚದುರಿ ನಮಗೆ ಬಿಳಿ ಕಾಣುತ್ತದೆ. ಅಂದರೆ ಗಾಜಿನಲ್ಲಿ ಚುಕ್ಕಿ ಅನ್ನುವುದು ಒಂದು ಪುಟ್ಟ ಒಡಕು. ಒಡಕು ಲೇಸರ್‌ನ ಮೊನೆಗಿಂತ ಅಗಲಕ್ಕೆ ಹರಡುತ್ತದೆ. 254 ಡಿಪಿಐನಲ್ಲಿ ಒಡಕಿಗೆ ಒಡಕು ಸೇರಿ ಅಪ್ಪನ ಮೂಗಿನ ಮೇಲಿಂದ ಚೂರುಗಳು ಎದ್ದುಬಂದವು. ಬೆರಳಿಟ್ಟರೆ ಚುಚ್ಚುತ್ತಿತ್ತು. ಇಂಥ ಪೀಸನ್ನು ಬರಿಗೈಲಿ ಉಜ್ಜಬೇಡಿ, ಬಾಯಲ್ಲಿ ಊದಬೇಡಿ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ. ಒದ್ದೆ ಬ್ರಷ್‌ನಿಂದ ಆ ಪುಡಿ ತೊಳೆಯಿರಿ.

ಗಾಜಿನ ಅಂಗಡಿಯಿಂದ 5 ಎಂಎಂ ಮಾಮೂಲಿ ಗಾಜು ಆರು ತುಂಡು ತಂದಿದ್ದೆ, ತುಂಡಿಗೆ 60 ರೂಪಾಯಿ. ಅಂಚು ಉಜ್ಜಿಸಿಕೊಂಡು ಬನ್ನಿ. ಬಿಸಿ ಮಾಡಿ ಗಟ್ಟಿಗೊಳಿಸಿದ ಟಫನ್ಡ್ ಗಾಜು ಮಾತ್ರ ಬೇಡ. ಅದರ ಮೈಯಲ್ಲಿ ಬಿಗಿತ ತುಂಬಿರುತ್ತದೆ, ಕೆತ್ತುವಾಗಲೋ ಆಮೇಲೋ ಇಡೀ ಹಾಳೆ ಪುಡಿಯಾಗಬಹುದು.

ಎರಡನೇ ಸಲ ಒದ್ದೆ ಟಿಶ್ಯೂ ಕಾಗದ ಹೊದಿಸಿ ಕೆತ್ತಿದರು. ನೀರು ಬಿಸಿಯನ್ನು ಹರಡುತ್ತದೆ, ಒಡಕು ಸಣ್ಣದಾಗುತ್ತದೆ. ಮುಕ್ಕಾಲು ಭಾಗ ತುಂಬಾ ಚೆನ್ನಾಗಿ ಬಂತು. ಆದರೆ 22 ನಿಮಿಷದ ಕೆಲಸದಲ್ಲಿ ಎಕ್ಸಾಸ್ಟ್ ಗಾಳಿಗೆ ಕಾಗದ ಒಣಗಿ ಕೊನೆಯಲ್ಲಿ ಮುದುಡಿತು. ಸೀರೆ ಅಂಚಿನ ಹತ್ತಿರ ಮತ್ತೆ ಒರಟು. ಹೆಸರು, ಚಿಕ್ಕ ಲೋಗೋ ಇದ್ದರೆ ಕಾಗದ ಸಾಕು. ದೊಡ್ಡ ಫೋಟೋಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸೋಪನ್ನು ಬೆರಳಿನಲ್ಲಿ ತೆಳ್ಳಗೆ, ಎಲ್ಲ ಕಡೆ ಒಂದೇ ಸಮ ಸವರುವುದೇ ವಾಸಿ.

ಮೂರನೇ ಸಲಕ್ಕೆ ಗಾಜಿಗೆಂದೇ ಬೇರೆ ಫೈಲ್ ಮಾಡಿದೆ. ಗೆರೆಗಳ ಅಂತರ 0.15 ಎಂಎಂ, ಅಂದರೆ ಸುಮಾರು 169 ಡಿಪಿಐ. ಒಡಕು ಹರಡುತ್ತದಲ್ಲ, ಅದಕ್ಕೆ ಇಡೀ ಫೋಟೋವನ್ನು ಅಕ್ರಿಲಿಕ್‌ನದಕ್ಕಿಂತ ಒಂದು ಹಂತ ಮಬ್ಬು ಮಾಡಿದೆ. ದಂಡೆಯ ಹೂವುಗಳ ನಡುವಿನ ನೆರಳನ್ನು ಇನ್ನಷ್ಟು ಅಗಲ ಮಾಡಿದೆ. ಹುಡುಗ ಫೋಕಸ್ಸನ್ನು ಬೇಕೆಂದೇ ಒಂದು ಎಂಎಂನಷ್ಟು ಸರಿಸಿದ, ಮೊನೆ ಮೊಂಡಾದರೆ ಗಾಜು ಕಡಿಮೆ ಚೂರಾಗುತ್ತದೆ ಎಂದು. ವೇಗ 200ಕ್ಕೆ ಇಳಿಸಿದ. ಎರಡು ಪೀಸನ್ನೂ ಕನ್ನಡಿ ಬಿಂಬದಂತೆ ತಿರುಗಿಸಿ ಹಿಂಬದಿಗೆ ಕೆತ್ತಿಸಿದ್ದೆವು. ಆಗ ಮುಂದಿನ ಮುಖ ನುಣುಪಾಗಿ ಉಳಿಯುತ್ತದೆ, ಕೈಗುರುತು ಕೆತ್ತನೆಗೆ ತಾಗುವುದಿಲ್ಲ.

ಮುಗಿದ ಮೇಲೆ ಸೋಪು ತೊಳೆದು ನೋಡಿದರೆ ಗಾಜಿನ ಮೇಲೆ ಏನೂ ಇಲ್ಲ! ನನ್ನ ಎದೆ ಧಸಕ್ಕೆಂದಿತು. ಬಿರುಕುಗಳಲ್ಲಿ ನೀರು ನಿಂತಿತ್ತು, ಅಷ್ಟೇ. ಫ್ಯಾನಿನ ಕೆಳಗೆ ಇಟ್ಟೆವು. ಮೊದಲು ಅಪ್ಪನ ಹಣೆ ಬಂತು. ಆಮೇಲೆ ಅಮ್ಮನ ಮೂಗುಬಟ್ಟು, ಕೆನ್ನೆ, ಕೊನೆಗೆ ದಂಡೆ. ಹೂವು ಹೂವಾಗಿ ಬಂತು. ಆ ಹುಡುಗನೂ ನಾನೂ ಮಾತಾಡದೆ ನೋಡುತ್ತಾ ನಿಂತೆವು. ಗಾಜು ಪೂರ್ತಿ ಒಣಗುವ ತನಕ ಏನನ್ನೂ ತೀರ್ಮಾನಿಸಬೇಡಿ.

ಗಾಜಿನ ಹಿಂದೆ ಕಪ್ಪು ಬೇಕೇ ಬೇಕು, ಇಲ್ಲದಿದ್ದರೆ ಬಿಳಿ ಎದ್ದು ಕಾಣುವುದಿಲ್ಲ. ಕೆತ್ತನೆಯ ಮೇಲೇ ಕಪ್ಪು ಪೇಂಟ್ ಬಳಿಯಬೇಡಿ, ಬಣ್ಣ ಬಿರುಕಿಗೆ ಇಳಿದು ಬಿಳಿಯನ್ನೇ ನುಂಗುತ್ತದೆ. ನಾನು ಕಪ್ಪು ಮಖಮಲ್ ಬಟ್ಟೆ ಹಚ್ಚಿದ ರಟ್ಟನ್ನು ಹಿಂದೆ ಸ್ವಲ್ಪ ಜಾಗ ಬಿಟ್ಟು ನಿಲ್ಲಿಸಿದೆ. ಮನೆಯಲ್ಲಿ ಇದ್ದದ್ದು. ಅಕ್ರಿಲಿಕ್‌ಗೆ 450 ರೂಪಾಯಿಯ ಎಲ್‌ಇಡಿ ಬೇಸ್ ತರಿಸಿದೆ, ಮೊಬೈಲ್ ಚಾರ್ಜರ್‌ಗೇ ಹಾಕಬಹುದು. ಬೆಳಕು ಅಂಚಿನಿಂದ ಒಳಗೆ ಹೋಗಿ ಕೆತ್ತಿದ ಕಡೆ ಮಾತ್ರ ಹೊರಗೆ ಬರುತ್ತದೆ. ಬೇಸಿನ ಸೀಳು ಎಷ್ಟು ಅಗಲ ಅಂತ ಅಳೆದೇ ಅಕ್ರಿಲಿಕ್ ದಪ್ಪ ಆರಿಸಿ.

ಒಟ್ಟು ಖರ್ಚು 4,295 ರೂಪಾಯಿ. ಅದರಲ್ಲಿ ಮಷೀನ್‌ಗೇ 2,115, ಅಂದರೆ 141 ನಿಮಿಷ. ಮೊದಲ ಸಲವೇ ಸರಿಯಾಗಿದ್ದರೆ ಪರೀಕ್ಷೆಯೂ ಸೇರಿ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ಹಾಸನದಲ್ಲಿ ಊಟವಾದ ಮೇಲೆ ಎರಡನ್ನೂ ಟೇಬಲ್ ಮೇಲೆ ಇಟ್ಟೆ. ಅಪ್ಪ ದೀಪವನ್ನು ಆರಿಸಿ ಹಚ್ಚಿ, ಆರಿಸಿ ಹಚ್ಚಿ ನೋಡಿದರು. ಅಮ್ಮ ಗಾಜನ್ನು ಹತ್ತಿರ ಎಳೆದುಕೊಂಡು ದಂಡೆಯ ಮೇಲೆ ಹೆಬ್ಬೆರಳು ಆಡಿಸಿದರು. ಕೆತ್ತನೆ ಹಿಂಬದಿಗಿದ್ದದ್ದರಿಂದ ಕೈಗೆ ಏನೂ ತಾಗಲಿಲ್ಲ. ತಿರುಗಿಸಿ ಹಿಂದಿನಿಂದ ಮುಟ್ಟಿದರು.

"ಇದನ್ನ ನಮ್ಮಕ್ಕ ಕಟ್ಟಿದ್ದು ಕಣೇ. ರಾತ್ರಿಯೆಲ್ಲ ಕೂತು ಕಟ್ಟಿದ್ಲು" ಎಂದರು.